ಸಿಮೆಂಟು ಸುರಿಯುವ ಮೊದಲು

ಕಂಪಿನಾ ಸಂತೆಗೆ ಹೊರಟ ಬಸ್ಸಿನಲ್ಲಿ ಸ್ಮರಾಂಡಾಳ ಮುಂದಿನ ಸೀಟಿಗೆ ಲಿಯೊಂತಿನಾ ಮತ್ತು ಅವಳ ಕಿರಿಯ ಓರಗಿತ್ತಿ ಸಾಫ್ತಾ ಬಂದು ಕೂತರು. ಗಂಡಂದಿರು ಅಣ್ಣತಮ್ಮಂದಿರಾದರೂ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಹಾಗಾಗಿ ಹೆಂಗಸರ ಮಾತೆಲ್ಲ ಬಸ್ಸಿನಲ್ಲೇ. ಸ್ಮರಾಂಡಾ ಹೆಣಿಗೆಯಿಂದ ಕಣ್ಣೆತ್ತಲಿಲ್ಲ, ಕಿವಿ ಮಾತ್ರ ಅಲ್ಲೇ ಇತ್ತು.

"ಅಕ್ಕ, ನಿಮ್ಮ ಹಿತ್ತಲಿನ ಹಳೇ ಕಚ್ಚಾ ಎಣ್ಣೆ ಬಾವಿ ಮುಚ್ಚೋಕೆ ಬಂದಿದಾರಂತಲ್ಲ?"

"ಹೂಂ. ಸಿಮೆಂಟು ಸುರಿದು ಹೋಗ್ತಾರೆ."

"ಸುಮ್ನೆ ಸುರಿಯಲ್ಲ. ಪೈಪೊಳಗೆ ಬಿದ್ದಿರೋದನ್ನೆಲ್ಲ ಮೊದ್ಲು ಕೊಕ್ಕೆ ಬಿಟ್ಟು ಎತ್ತುತಾರೆ. ಇಲ್ದಿದ್ರೆ ಸಂದಿ ಉಳಿದು ಗ್ಯಾಸು ಮತ್ತೆ ಮೇಲೆ ಬರುತ್ತಂತೆ."

"ಎಲ್ಲಾನೂ ಎತ್ತಲೇಬೇಕಾ?"

"ಎಲ್ಲಾನೂ. ನಮ್ಮ ಪಕ್ಕದ್ಮನೆ ಬಾವೀಲಿ ಅವರಜ್ಜಿ ಊರುಗೋಲೇ ಸಿಕ್ತು."

"ಮರದ್ದು ಕೊಳೆತಿರಬೇಕಲ್ಲ?"

"ಎಲ್ಲಿ ಕೊಳೆಯುತ್ತೆ, ಎಣ್ಣೇಲಿ ನೆನೆದಿರೋದು. ಒರೆಸಿ ಊರ್ಕೊಂಡು ಹೋಗ್ಬಹುದಿತ್ತು. ಯಾಕಕ್ಕ, ನಿಮ್ಮದ್ರಲ್ಲೂ ಏನಾದ್ರೂ ಬಿದ್ದಿದೆಯಾ?"

ಲಿಯೊಂತಿನಾ ಕಿಟಕಿಯತ್ತ ತಿರುಗಿದಳು.

"ನಮ್ಮೋರ ಆ ಮರದ ಕ್ಲಾರಿನೆಟ್ ಕದ್ದು ಮಾರಿದ್ದು ನಾನಲ್ಲ ಅಂತ ನಿನ್ನ ಗಂಡ ಈಗ್ಲೂ ಆಣೆ ಇಡ್ತಾನಾ?"

"ಪ್ರತಿ ಈಸ್ಟರಿಗೂ ಇಡ್ತಾರೆ. ಭಾವ ನಂಬಬೇಕಲ್ಲ. ಆದ್ರೂ ಅದು ಹೋದ್ಮೇಲೆ ಭಾವ ಕಂಡೋರ ಮದುವೇಲಿ ಊದ್ಕೊಂಡು ವಾರಗಟ್ಟಲೆ ಅಲೆಯೋದು ಬಿಟ್ರು, ನಿಮಗೆ ಅದೊಂದು ನೆಮ್ಮದಿ."

"ಕೊಕ್ಕೆ ಯಾವಾಗ ಬಿಡ್ತಾರೆ?"

"ಇವತ್ತು ಊಟ ಆದ್ಮೇಲೆ ಅಂತ ಆ ಕೆಲಸದೋರು ಅಂತಿದ್ರು."

ಲಿಯೊಂತಿನಾ ಚೀಲ ಎತ್ತಿಕೊಂಡು ಡ್ರೈವರನಿಗೆ ನಿಲ್ಲಿಸಲು ಹೇಳಿದಳು.

"ಸಂತೆ ಇನ್ನೂ ದೂರ ಇದೆ, ಅಕ್ಕ."

"ನೀನೂ ಇಳಿ. ನಿನ್ನ ಗಂಡನಿಗೆ ಫೋನ್ ಮಾಡಿ ನಮ್ಮ ಹಿತ್ತಲಿಗೆ ಬಾ ಅನ್ನು. ಅದನ್ನ ಮೇಲೆ ಎತ್ತೋವಾಗ ಅಣ್ಣ ತಮ್ಮ ಇಬ್ರೂ ನೋಡಲಿ."

ಸಾಫ್ತಾ ಅವಳ ಮುಖವನ್ನೇ ನೋಡಿದಳು. ಆಮೇಲೆ ಅವಳ ಕೈಯಿಂದ ಚೀಲ ತೆಗೆದುಕೊಂಡು ಮೊದಲು ತಾನೇ ಇಳಿದಳು.