ಬಾವಿ ಕಾರ್ಡಿನ ಎರಡು ಸಾಲು

...ಆಣೆ ಬೇಕಾ? ಇಡ್ತೀನಿ. ನನ್ನ ಹೊಟ್ಟೆ ಹೊರೆಯೋ ಈ ಬೀಗದ ಕೈ ಗೊಂಚಲು ಮುಟ್ಟಿ ಹೇಳ್ತೀನಿ, ಆ ಕಾರ್ಡಿನ ಬಗ್ಗೆ ನಿನ್ನ ಮಾವ ಇಷ್ಟು ದಿನ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆಯ್ತಾ? ಈಗಲಾದರೂ ಆ ಗಾಜಿನ ಬಾಗಿಲ ಕಡೆ ನೋಡೋದು ಬಿಡು. ನೀನು ನೋಡ್ತಾ ನಿಂತ್ರೆ ಒಳಗಿನವರೇನು ಬೇಗ ಮುಗಿಸ್ತಾರಾ?

ಬಾ, ಈ ಬೆಂಚಿನ ಮೇಲೆ ಕೂತ್ಕೋ. ಒಂದು ಕಾಲು ಗಿಡ್ಡ ಇದೆ, ಆ ಕಡೆ ನಾನಿರ್ತೀನಿ.

ಮೊದಲಿಂದ ಹೇಳಬೇಕಾ? ಇನ್ನೊಂದ್ಸಲ? ಹೇಳೋಣ, ಅದಕ್ಕೇನು. ಪಂದ್ಯದ ತೀರ್ಪುಗಾರ ಹೇಗಿದ್ದರೂ ನನ್ನನ್ನೂ ಒಳಗೆ ಕರೆದು ಕೇಳ್ತಾನೆ, ನನಗೂ ಒಂದು ತಾಲೀಮು ಆದ ಹಾಗಾಯ್ತು. ನೀನೇ ತೀರ್ಪುಗಾರ ಅಂದ್ಕೋ. ಮುಖ ಗಂಟು ಹಾಕ್ಕೊಂಡಿದ್ದೀಯಲ್ಲ, ಅದಂತೂ ಸರಿಯಾಗೇ ಹೊಂದತ್ತೆ.

"ಸ್ವಾಮಿ, ನಾನು ಈ ಹುಡುಗಿಯ ಸೋದರಮಾವ. ಬೀಗ ರಿಪೇರಿ ಮಾಡೋನು. ನಾನು ತೆಗೆಯದ ಬೀಗ ಇನ್ನೂ ಹುಟ್ಟಿಲ್ಲ. ಒಂದು ಸಲ ಬ್ಯಾಂಕಿನ ತಿಜೋರಿ, ನಾನು ಮೆಟ್ಟಿಲು ಹತ್ತೋ ಸದ್ದು ಕೇಳಿದ್ದೇ ತಾನಾಗೇ..."

ಬೇಡವಾ? ಸರಿ, ತಿಜೋರಿ ಬೇಡ. ಕಾರ್ಡಿಗೇ ಬರ್ತೀನಿ.

"ಸ್ವಾಮಿ, ಇವಳು ಆಟದ ಕಾರ್ಡಿನ ಪೊಟ್ಟಣ ತಗೊಂಡು ಒಡೆದಳು. ಜೊತೆಯವರ ಪೊಟ್ಟಣದಲ್ಲಿ ಡ್ರಾಗನ್ನು, ಚಿನ್ನದ ಅಂಚಿನ ರಾಜ. ಇವಳದರಲ್ಲಿ ಒಂದು ಬಾವಿ. ಬಾವಿಕಟ್ಟೆ ಮೇಲೆ ಹಗ್ಗ ಹಿಡಿದು, ನಮಗೆ ಬೆನ್ನು ಹಾಕಿ ನಿಂತ ಒಬ್ಬ ಹೆಂಗಸು. ಕೆಳಗೆ ಎರಡೇ ಎರಡು ಸಾಲು, ಅದೂ ಹೊರದೇಶದ ಲಿಪಿಯಲ್ಲಿ. ಕಾರ್ಡಿನ ಅಂಗಡಿಯವನು, ಅಚ್ಚು ಬೇರೆ ದೇಶದ್ದು, ತಪ್ಪಿ ಈ ಪೆಟ್ಟಿಗೆ ಸೇರಿದೆ, ಆಡೋಕೇನೋ ಅಡ್ಡಿಯಿಲ್ಲ, ಆದರೆ ಓದೋರು ಯಾರು, ಬಿಸಾಕು ಅಂದ. ಇವಳು ಮೂಗು ಒರೆಸ್ಕೊಳ್ತಾ ನನ್ನ ಅಂಗಡಿಗೆ ಬಂದಳು..."

ಅತ್ತಿರಲಿಲ್ಲವಾ? ಸರಿಯಮ್ಮ, ಅತ್ತಿರಲಿಲ್ಲ. ಕಣ್ಣಿಗೆ ಧೂಳು ಬಿದ್ದಿತ್ತು. ನನ್ನ ಅಂಗಡಿಯಲ್ಲಿ ಕಬ್ಬಿಣದ ಪುಡಿ ಹಾರತ್ತೆ, ಒಪ್ಪಿದೆ.

"ನಾನು ಕೀ ಉಜ್ಜೋ ಯಂತ್ರ ನಿಲ್ಲಿಸಿದೆ. ಕೈ ಒರೆಸ್ಕೊಂಡು ಕಾರ್ಡು ತಗೊಂಡೆ. ಒಂದೇ ಉಸಿರಿಗೆ ಓದಿದೆ: ಈ ಬಾವಿ ಮೇಜಿನ ಮೇಲಿರುವ ತನಕ ಎದುರಾಳಿಯು ಒಂದು ಕಾರ್ಡು ಎಳೆದಾಗಲೆಲ್ಲ ಇನ್ನೊಂದನ್ನೂ ಎಳೆದು ಬಾವಿಗೆ ಹಾಕತಕ್ಕದ್ದು. ಕಟ್ಟು ಬರಿದಾದವನು ಸೋತನೆಂದು ತಿಳಿಯತಕ್ಕದ್ದು."

ಆ 'ತಕ್ಕದ್ದು' ಕೇಳಿ ನೀನು ನಕ್ಕಿದ್ದೆ. ನೆನಪಿದೆಯಾ? ಈಗ ನಗು ಬರ್ತಿಲ್ಲವಾ?

"ಭಾಷೆ ಹೇಗೆ ಬರತ್ತೆ ಅಂತ ಕೇಳ್ತೀರಿ. ಹಡಗು, ಸ್ವಾಮಿ. ವರ್ಷಗಟ್ಟಲೆ ಆ ದೇಶದ ಹಡಗಿನಲ್ಲಿ ಅಡಿಗೆಮನೆ ನೋಡ್ಕೊಂಡಿದ್ದೆ. ಕ್ಯಾಪ್ಟನ್ನಿಗೆ ಜ್ವರ ಬಂದಾಗ ಹಡಗನ್ನ ದಡ ಮುಟ್ಟಿಸಿದ್ದು ನಾನೇ, ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದು ಕೈಯಲ್ಲಿ ಸೌಟು. ಸಾರು ಒಂದು ತೊಟ್ಟು ಚೆಲ್ಲಲಿಲ್ಲ. ಹಾಗಿರುವಾಗ ಎರಡು ಸಾಲು ಯಾವ ಲೆಕ್ಕ?"

ಇಷ್ಟು ಹೇಳಿದ್ರೆ ಸಾಕಲ್ಲ?

ಫೋನಿನ ವಿಷಯ ಹೇಳಬಾರದು ಅಂತೀನಿ. ನೀನು ಫೋನಿನಲ್ಲಿ ಅದರ ಪಟ ಹಿಡಿದೆ, ಕಾರ್ಡಿನ ಮಿನುಗಿಗೆ ಅಕ್ಷರವೆಲ್ಲ ಕಲಸಿಹೋಗಿ 'ಅಜ್ಜಿ ಹಗ್ಗ ಮಂಗಳವಾರ' ಅಂತ ಅನುವಾದ ಬಂತು. ಹೊಟ್ಟೆ ಹಿಡ್ಕೊಂಡು ನಕ್ಕೆವು ಇಬ್ಬರೂ. ಇನ್ನೊಂದ್ಸಲ ಹಿಡೀತೀನಿ, ಬೆಳಕಿಗೆ ಹೋಗಿ ಹಿಡೀತೀನಿ ಅಂದೆ ನೀನು. ನಾನೇನಂದೆ? ಫೋನನ್ನ ನಂಬ್ತೀಯೋ ಮಾವನ್ನ ನಂಬ್ತೀಯೋ ಅಂದೆ. ನೀನು ಫೋನು ಜೇಬಿಗೆ ಹಾಕ್ಕೊಂಡೆ.

ಹೌದು, ಹಾಗೇ ಅಂದಿದ್ದು. ಅದರಲ್ಲೇನಿದೆ? ಅಷ್ಟು ಹೊತ್ತು ಮುಖ ನೋಡೋ ಅಂಥದ್ದೇನಿದೆ ಅದರಲ್ಲಿ?

ಆಮೇಲಿನದೆಲ್ಲ ನಿನ್ನದೇ ತಲೆ. ಅದನ್ನ ನಾನು ಒಳಗೂ ಹೇಳ್ತೀನಿ, ಎಲ್ಲರ ಮುಂದೆ ಹೇಳ್ತೀನಿ. ಊರವರೆಲ್ಲ ಕಾರ್ಡಿನ ಕಟ್ಟಿನ ತುಂಬ ಬೆಂಕಿ ಉಗುಳೋವನ್ನೇ ತುಂಬ್ಕೊಂಡಿದ್ದಾಗ ನೀನು ನಿನ್ನ ಡ್ರಾಗನ್ನುಗಳನ್ನ ಒಂದೊಂದಾಗಿ ಕಿತ್ತು ಡಬ್ಬಿಗೆ ಹಾಕಿದೆ. ಬದಲಿಗೆ ಏನು ಸೇರಿಸಿದೆ? ಮುಳ್ಳಿನ ಬೇಲಿ. ಮಂಜು. ಕುಂಟ ಕಾವಲುಗಾರ. ಯಾರೂ ಮೂಸಿ ನೋಡದ ಕಾರ್ಡುಗಳು, ಅಂಗಡಿಯವನು ಪೊಟ್ಟಣ ಕಟ್ಟೋಕೆ ಇಟ್ಕೊಂಡಿದ್ದವು. ಯಾಕೆ ಅಂದ್ರೆ, ನಾನು ಯಾರನ್ನೂ ಹೊಡೆಯೋದಿಲ್ಲ ಮಾವ, ಸುಮ್ಮನೆ ತಡೀತೀನಿ, ಬಾವಿ ತನ್ನ ಕೆಲಸ ತಾನು ಮಾಡ್ಕೊಳ್ಳತ್ತೆ ಅಂದೆ.

ನಿನ್ನ ಹಿಂದೆ ನಿಂತು ಎಷ್ಟು ಆಟ ನೋಡಿದ್ದೀನಿ. ಮೊದಮೊದಲು ನಗ್ತಾರೆ. ಆಮೇಲೆ ತಮ್ಮ ಕಟ್ಟಿನ ಕಡೆ ನೋಡ್ತಾರೆ. ಬಚ್ಚಲಿನ ಸೋಪಿನ ಹಾಗೆ ಸವೀತಿರತ್ತೆ. ಮೈಮೇಲೆ ಒಂದು ಗೀರಿಲ್ಲ, ಸೈನ್ಯವೆಲ್ಲ ಎದ್ದು ನಿಂತಿದೆ, ಆದರೆ ಎಳೆಯೋಕೆ ಕಾರ್ಡಿಲ್ಲ. ಕೈ ಕಟ್ಟಿನ ಜಾಗಕ್ಕೆ ಹೋಗಿ ಬರೀ ಮೇಜು ಮುಟ್ಟಿ ವಾಪಸ್ ಬರತ್ತೆ. ಆ ಮುಖಗಳನ್ನ ನೋಡಬೇಕಿತ್ತು ನೀನು. ನೀನು ನೋಡ್ತಿರಲಿಲ್ಲ. ತಿರುಗಿ ನನ್ನನ್ನ ನೋಡ್ತಿದ್ದೆ.

ಕಾರ್ಡಿನ ಅಂಗಡಿಯವನೇ ಒಂದಿನ ಬಂದು, ಆ ಸಾಲು ಸರಿಯಾಗಿ ಓದಿದ್ದೀರಾ ಅಂತ ನನ್ನನ್ನ ಕೇಳಿದ. ಅವನಿಗೂ ಹಡಗಿನ ಕಥೆ ಹೇಳಿದೆ. ಚಹಾ ತರಿಸಿ ಕೊಟ್ಟು, ಎಲ್ಲಿಂದಲೋ ಇನ್ನಷ್ಟು ಬಾವಿ ತರಿಸಿ ಮಾರಿದ. ಮೂರು ನಿನಗೆ, ಉಳಿದವು ಯಾರ್ಯಾರಿಗೋ. ಅಗೋ, ಕಂಬದ ಹತ್ತಿರ ನಿಂತಿದ್ದಾರಲ್ಲ, ದರ್ಜಿ, ಅವನ ತಮ್ಮ, ಆ ಕಂಡಕ್ಟರು? ಮೂವರ ಕಟ್ಟಿನಲ್ಲೂ ಬಾವಿ ಇದೆ. ನಾನು ಓದಿದ ಬಾವಿ. ಆಗಿನಿಂದ ಈ ಕಡೆಗೇ ನೋಡ್ತಿದ್ದಾರೆ. ಕೈ ಬೀಸಿದೆ, ವಾಪಸ್ ಬೀಸಲಿಲ್ಲ.

ಬೆಳಗ್ಗೆ ಅವರೇ ನನ್ನ ಹೆಗಲ ಮೇಲೆ ಕೈ ಹಾಕಿದ್ದು.

ಇವತ್ತಿನ ಪಂದ್ಯದಲ್ಲಿ ಆ ಕನ್ನಡಕದ ಹೆಂಗಸು ನಿನ್ನೆದುರು ಕೂರೋ ತನಕ ಎಲ್ಲ ಸರಿಯಿತ್ತು. ಅವಳು ಮೊದಲು ನಿನ್ನ ಮುಖ ನೋಡಲಿಲ್ಲ. ನೀನು ಬಾವಿ ಇಟ್ಟೆ, ಎಲ್ಲರೂ ಚಿತ್ರ ನೋಡ್ತಾರೆ, ಅವಳು ಚಿತ್ರದ ಕೆಳಗೆ ನೋಡಿದಳು. ತುಟಿ ಅಲ್ಲಾಡಿತು. ನಿಧಾನವಾಗಿ, ಒಂದೊಂದೇ ಶಬ್ದಕ್ಕೆ ಅಲ್ಲಾಡೋ ಹಾಗೆ. ನಾನು ಬಾಗಿಲ ಕಡೆ ಒಂದು ಹೆಜ್ಜೆ ಸರಿದು...

ಸೆಕೆಗೆ. ಆ ಹಾಲಿನಲ್ಲಿ ಒಂದು ಫ್ಯಾನಾದರೂ ತಿರುಗುತ್ತಾ?

ಗೊತ್ತಾದ ಮೇಲೂ ಅವಳು ತಡೀಲಿಲ್ಲ ನೋಡು, ಅದೇ ನನಗೆ ಅರ್ಥವಾಗದ್ದು. ನೀನು ಎಳಿ ಅಂದ ಹಾಗೆಲ್ಲ ಎಳೆದಳು, ಬಾವಿಗೆ ಹಾಕಿದಳು, ಮತ್ತೆ ಎಳೆದಳು. ಅರ್ಧ ಕಟ್ಟು ಹೋದ ಮೇಲೆ ಕನ್ನಡಕ ತೆಗೆದು ಮಡಚಿಟ್ಟು ಮೆಲ್ಲಗೆ ಕೇಳಿದಳು: "ಇದನ್ನ ನಿನಗೆ ಯಾರಮ್ಮ ಓದಿ ಹೇಳಿದ್ದು?" ನೀನು ಕೈ ಎತ್ತಿ ನನ್ನನ್ನ ತೋರಿಸಿದೆ. ಎಷ್ಟು ಜಂಬ ಇತ್ತು ಆ ಕೈಯಲ್ಲಿ. ಅವಳು ನನ್ನ ಕಡೆ ತಿರುಗಿದಳು. ಬಯ್ಯಲಿಲ್ಲ, ನಗಲೂ ಇಲ್ಲ. ಆಸ್ಪತ್ರೆಯಲ್ಲಿ ಪರದೆ ಸರಿಸಿ ಹೊರಗೆ ಬಂದವರು ರೋಗಿಯ ಕಡೆಯವರು ಯಾರು ಅಂತ ಹುಡುಕ್ತಾರಲ್ಲ, ಹಾಗೆ ನೋಡಿದಳು. ಆಮೇಲೆ ತೀರ್ಪುಗಾರನನ್ನ ಕರೆದಳು.

ಇರಲಿ ಬಿಡು. ಅವಳದ್ದು ಬೇರೆ ಸೀಮೆಯ ಮಾತಿರಬಹುದು, ಹಳೇ ವ್ಯಾಕರಣ ಇರಬಹುದು. ತೀರ್ಪುಗಾರನೇ ಹೇಳಿದನಲ್ಲ, ತಿಳಿಯದೆ ತಪ್ಪಾಗಿದ್ದರೆ ಈ ಒಂದು ಆಟ ಹೋಗತ್ತೆ, ಅಷ್ಟೇ. ತಿಳಿದೂ ತಿಳಿದೂ ಸುಳ್ಳು ಹೇಳಿ ಆಡಿದ್ದರೆ ಮಾತ್ರ ಹೆಸರು ಹೊಡೆದುಹಾಕ್ತಾರೆ, ಇನ್ನು ಯಾವ ಮೇಜಿಗೂ ಕೂರಿಸೋದಿಲ್ಲ. ನೀನು ತಿಳಿದು ಮಾಡಿಲ್ಲ. ಕೇಳಿದ್ರೆ ಅಷ್ಟೇ ಹೇಳು. ಅಕ್ಕ ಹೆತ್ತ ಮಕ್ಕಳಲ್ಲಿ ಸುಳ್ಳು ಹೇಳೋಕೆ ಬರದವಳು ನೀನೊಬ್ಬಳೇ, ನಿನ್ನ ಮುಖ ನೋಡಿದರೇ ಅವರಿಗೆ ಗೊತ್ತಾಗತ್ತೆ.

ಏನದು? ಓ, ಇದೊಂದು ಉಳಿದಿತ್ತಾ ಜೇಬಿನಲ್ಲಿ? ನಾಲ್ಕೂ ತೀರ್ಪುಗಾರನ ಮೇಜಿನ ಮೇಲಿವೆ ಅಂದ್ಕೊಂಡಿದ್ದೆ, ಇದು ಆ ಮೊದಲನೇದು.

ಓದಬೇಕಾ? ಈಗಲಾ? ಚಿತ್ರದ ಮೇಲಿಂದ ಕೈ ತೆಗಿ ಮತ್ತೆ. ಬೇಡವಾ... ಸರಿ, ಮುಚ್ಚಿಟ್ಟುಕೋ, ನನಗೆ ಅಕ್ಷರ ಕಂಡರೆ ಸಾಕು. ಹೀಗೆ ಹಿಡಿ. ಹಾಂ. ಬೆರಳಿಟ್ಟೇ ಓದ್ತೀನಿ. ಇಲ್ಲಿಂದ... "ಈ ಬಾವಿ ಮೇಜಿನ ಮೇಲಿರುವ ತನಕ..." ಈ ಕೊಂಡಿ ಇದೆಯಲ್ಲ, ಇದೇ 'ತನಕ'. "ಎದುರಾಳಿಯು..." ಇದು ಎದುರಾಳಿ, ಎಷ್ಟು ಉದ್ದ ನೋಡು... "ಇನ್ನೊಂದನ್ನೂ ಎಳೆದು ಬಾವಿಗೆ ಹಾಕತಕ್ಕದ್ದು." ಎರಡನೇ ಸಾಲು ಚಿಕ್ಕದು. "ಕಟ್ಟು ಬರಿದಾದವನು ಸೋತನೆಂದು ತಿಳಿಯತಕ್ಕದ್ದು." ಆಯ್ತು. ಸಮಾಧಾನವಾಯ್ತಾ?



ಕಾರ್ಡು ಇಲ್ಲಿ ಕೊಡು. ತೆಗಿ, ನಾನು ಹಿಡ್ಕೊಳ್ತೀನಿ. ಬೇಡ ಅಂದ್ರೆ... ಅಂಗೈ ಯಾಕೆ ತೆಗೀತಿದ್ದೀಯ, ಮುಚ್ಚಿಟ್ಟುಕೊಳ್ತೀನಿ ಅಂದಿದ್ದೆ...

ಓ.

ಹೆಂಗಸು ತಲೆಕೆಳಗಾಗಿ ನಿಂತಿದ್ದಾಳೆ.

ಅದೇನಾಯ್ತು ಅಂದ್ರೆ... ಹಡಗು ಅಲೆಗೆ ಸಿಕ್ಕಿದಾಗ ನಾವೆಲ್ಲ ತಲೆಕೆಳಗಾಗೇ ಓದ್ತಿದ್ವಿ, ರೂಢಿಯಾಗಿಬಿಟ್ಟಿದೆ, ಅದಕ್ಕೇ...

ನಗು ಪುಟ್ಟಾ. ಸ್ವಲ್ಪ ನಗು. ಅವತ್ತು ನಕ್ಕಿದ್ದೆಯಲ್ಲ, ಅಷ್ಟೇ ಬೇಕಿತ್ತು ನನಗೆ. ಮೂಗು ಒರೆಸ್ಕೊಳ್ತಾ ಬಂದೆ, ನಗಿಸೋಣ ಅಂದ್ಕೊಂಡೆ, ಬಾಯಿಗೆ ಬಂದದ್ದು ಓದಿದೆ. ಮಾರನೇ ದಿನ ಹೇಳಿಬಿಡೋಣ ಅಂದ್ಕೊಂಡಿದ್ದೆ. ಮಾರನೇ ದಿನ ನೀನು ಗೆದ್ದು ಬಂದೆ. ಆಮೇಲೆ ಪ್ರತಿ ಸಲ ಗೆದ್ದು ಬಂದೆ.

ಯಾಕೆ ಎದ್ದೆ? ಕೂತ್ಕೋ. ನನ್ನ ಮಾತು ಕೇಳು. ಆಡುವಾಗ ನಿನಗೆ ಗೊತ್ತಿರಲಿಲ್ಲ, ಅದು ಈಗಲೂ ನಿಜವೇ. ಹಾಗೇ ಹೇಳು. ಆದರೆ ಈ ಮುಖ ಇಟ್ಕೊಂಡು ಹೇಳಬೇಡ. ಬೇರೆ ಮುಖ ಮಾಡು. ಆಗಿನಿಂದ ಇತ್ತಲ್ಲ, ಅದು. ಎಲ್ಲಾ ತಿಳಿದವಳ ಹಾಗೆ ಕಾಣ್ತಿದ್ದೀಯ, ನೋಡಿದವರು ಏನಂದ್ಕೊಳ್ತಾರೆ? ಛೇ, ನೀನು ಕೇಳದೇ ಇದ್ದಿದ್ರೆ... ನಾನು ಓದದೇ ಇದ್ದಿದ್ರೆ...

ಬಾಗಿಲು ತೆಗೆದರು.

ಬಂದೆವು ಸ್ವಾಮಿ, ಇಬ್ಬರೂ ಬಂದೆವು. ಅವಳೊಬ್ಬಳೇನಾ? ನಾನು ಸಾಕ್ಷಿ, ನನ್ನನ್ನೂ ಕೇಳ್ತೀನಿ ಅಂದಿದ್ರಿ. ಬೇಕಾಗಿಲ್ಲವಾ? ಹಾಗಂದ್ರೆ... ಆ ಹೆಂಗಸು ಎಲ್ಲಾ ಓದಿ ಹೇಳಿದಳಾ?

ಹೋಗಬೇಡ, ನಿಲ್ಲು. ನನ್ನನ್ನ ನೋಡದಿದ್ದರೂ ಸರಿ, ನಿಲ್ಲು. ಸ್ವಾಮಿ, ಬಾಗಿಲು ಹಾಕಬೇಡಿ, ನನ್ನ ಕೈ ಸಂದಿಯಲ್ಲಿದೆ. ಗಟ್ಟಿಯಾಗೇ ಹೇಳ್ತೀನಿ, ಆ ಕಂಬದ ಹತ್ತಿರ ಇರೋರಿಗೂ ಕೇಳಲಿ. ಈ ಹುಡುಗಿಗೆ ಈಗಷ್ಟೇ, ಈ ಬೆಂಚಿನ ಮೇಲೆ ಗೊತ್ತಾಗಿದ್ದು. ಆ ಮುಖ ಈಗ ಬಂದದ್ದು, ಆಡುವಾಗ ಇರಲಿಲ್ಲ. ಅವಳು ಕಟ್ಟು ಕಟ್ಟಿದ್ದು ನಿಜ, ಬೇಲಿ, ಮಂಜು, ಎಲ್ಲ ಅವಳ ತಲೆಯಿಂದಲೇ ಬಂದದ್ದು ನಿಜ, ನನ್ನನ್ನ ನಂಬಿದ್ದು ನಿಜ. ನಾನು ಹೇಳಿದ್ದರಲ್ಲಿ ಒಂದೇ ಒಂದು ಸಣ್ಣ ವಿಷಯ ಮಾತ್ರ ಕಟ್ಟುಕಥೆ. ಹಡಗು. ನಾನು ಯಾವ ಹಡಗೂ ಹತ್ತಿದವನಲ್ಲ ಸ್ವಾಮಿ. ಬಂದರಿನ ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸ್ತಿದ್ದೆ, ಯಾವ ಬದಿ ಮೇಲೆ ಬರಬೇಕು ಅಂತ.