ಸುಂಕ ಬಿಟ್ಟ ಕುರ್ಚಿ

…ನಗ್ಬೇಡ ಕಣೇ ರಾಧಾಮಣಿ! ಗಾಡಿ ಅಂದ್ಮೇಲೆ ಚಕ್ರದಡಿ ನಿಂಬೆಹಣ್ಣು ಇಡಬೇಕೋ ಬೇಡ್ವೋ? ವೀಲ್‌ಚೇರ್ ಆದ್ರೇನು! ಬ್ಯಾಟ್ರಿ ಐತೆ, ಹಾರನ್ ಐತೆ, ಜರ್ಮನಿಯಿಂದ ಹಡಗಲ್ಲಿ ಬಂದೈತೆ. ಸಾಲದಾ? ನಿನ್ನೆ ಬಂಗಾರಪೇಟೆಯಿಂದ ತರೋವಾಗ ಆಟೋ ಗೋಪಿ ಕೇಳ್ತಾನೆ, "ಅಣ್ಣಾ, ಮೈಲೇಜ್ ಎಷ್ಟು ಕೊಡ್ತದೆ?" ಅಂತ. ನಾನೂ ಬಿಡ್ಲಿಲ್ಲ. "ನಮ್ಮ ಡ್ರೈವರಮ್ಮನ ಕೋಪದ ಮೇಲೆ ಓಡ್ತದೆ" ಅಂದೆ.

ಏನು, ಮತ್ತೆ ಅದೇ ಕಣ್ಣು? "ದುಡ್ಡೆಲ್ಲಿಂದ ಬಂತು" ಅನ್ನೋ ಕಣ್ಣು! ಎಷ್ಟು ಸಲ ಏಳ್ಲಿ... ನಿನ್ನ ಬೆನ್ನಿಗೆ ಒಗ್ಗೋದು ಇಲ್ಲಿ ಸಿಗ್ಲಿಲ್ಲ. ಅಂಗವಿಕಲರಿಗೆ ಅಂತ ಹೊರದೇಶದಿಂದ ತರಿಸಿದ್ರೆ ಸುಂಕ ಮಾಫಿ. ಡಾಕ್ಟ್ರ ಸರ್ಟಿಫಿಕೇಟು ಕೊಟ್ವಿ, ಬಿಟ್ರು. ಸುಂಕದೋನ ಮುಂದೆ ಸುಖದುಃಖ ಏಳ್ಕೊಂಡ್ರೆ ಕೇಳ್ತಾನಾ ಅಂತ ನಿಮ್ಮಮ್ಮ ಆಡ್ಕೊಂಡ್ರಲ್ಲ? ಕೇಳ್ದ ನೋಡು! ಅದಕ್ಕೇ ಕಡಿಮೆಗೆ ಸಿಕ್ತು. ಅಷ್ಟೇ... ಇನ್ನೇನಿಲ್ಲ.

ಸರ್ಯಾಗಿ ಕೂತ್ಕೋ... ಅಂಗೆ... ಆಹಾ! ಮಾರಿಕುಪ್ಪಂ ರೈಲಿನ ಗಾರ್ಡ್ ತರ ಕಾಣ್ತೀಯ. ಬಾವಿ ಮೆಟ್ಟಿಲಲ್ಲಿ ಬಿದ್ದಾಗಿಂದ ಆ ಒಂದೇ ಕಿಟಕಿ ನೋಡ್ಕೊಂಡು... ನೋಡಕ್ಕಾಗ್ತಿರಲಿಲ್ಲ ಕಣೇ ನಂಗೆ. ಬಿಡು. ಈ ಹಿಡಿ ಮುಂದಕ್ಕೆ ತಳ್ಳು. ಮೆತ್ತಗೆ, ಮೆತ್ತಗೆ! ಪಚ್ ಅಂತು ನಿಂಬೆಹಣ್ಣು! ಶುಭ. ಈಗ ನೇರ ಗಂಗಮ್ಮನ ಗುಡಿಗೆ...

ಲೇ, ಯಾವ ಕಡೆ ತಿರುಗಿಸ್ತೀಯ? ಗುಡಿ ಈ ಕಡೆ! ಕೊಟ್ಟಿಗೆಗಾ? ಈಗ್ಲೇ ಯಾಕೆ... ಅಲ್ಲಿ ಬರೀ ಸಗಣಿ, ಒಸ ಚಕ್ರ ಹಾಳಾಗ್ತದೆ. ಹಸ ಲಚ್ಚಿ ಕೂಗೇ ಕೇಳ್ತಿಲ್ಲ ಅಂತೀಯಾ? ವಯಸ್ಸಾಯ್ತು ಕಣೇ ಅದಕ್ಕೂ, ನಿನ್ನಂಗೆ ದಿನವೆಲ್ಲ ಕೂಗ್ತದಾ? ನಿಲ್ಸೇ... ನಿಲ್ಸೇ ಅಂದೆ! ದೇವ್ರೇ, ಎಷ್ಟು ಜೋರು ಓಗ್ತದೆ ಇದು!

ಹ್ಞಾ... ಲಚ್ಚಿ ಇಲ್ಲ. ಮೇಯಕ್ಕೆ ಓಗವ್ಳೆ. ದನ ಕಾಯೋ ಸೊಣ್ಣಪ್ಪ ಕೆರೆ ಕಡೆ ಹೊಡ್ಕೊಂಡೋದ. ಬೆಳಗ್ಗೆ ಹಾಲು ಕುಡಿದ್ಯಲ್ಲ, ಅವಳದ್ದೇ... ಯಾಕೆ, ನೆಲ ಏನು ನೋಡ್ತೀಯ? ಒಣಗೈತೆ, ಬಿಸಿಲು ಜಾಸ್ತಿ ಅಲ್ವಾ... ಬೈಯಿ. ಏನಾದ್ರೂ ಅನ್ನು ರಾಧಾ.

ಆ ಕಣ್ಣಿ ಹಗ್ಗ ಗೂಟದಲ್ಲೇ ಇರ್ಲಿ, ಬಿಚ್ಬೇಡ... ಮಡಿಲಲ್ಲಿ ಯಾಕೆ ಇಟ್ಕೊಂಡೆ?

ಗೊತ್ತಾಯ್ತು, ಅಲ್ವಾ?

ಹಸ ಮಾರಿದ್ರೆ ಕಣ್ಣಿ ಮಾತ್ರ ಕೊಡಬಾರ್ದು, ಮನೆ ಲಕ್ಷ್ಮೀನೂ ಹಿಂದೇನೇ ಓಗ್ಬಿಡ್ತಾಳೆ ಅಂತ ನೀನೇ ತಾನೆ ಕಲಿಸಿದ್ದು? ಅದಕ್ಕೇ ಇಟ್ಕೊಂಡೆ. ಸುಂಕದೋನು ಸುಂಕ ಬಿಟ್ಟ ಕಣೇ... ಕುರ್ಚಿ ಬೆಲೆ ಯಾರು ಬಿಡ್ತಾರೆ?

ರಾಧಾ... ಮಾತಾಡ್ದಿದ್ರೆ ಬೇಡ. ಆ ಹಾರನ್ನಾದ್ರೂ ಒಂದ್ಸಲ ಒತ್ತೇ...