ಹೊಸ ತಾರೀಖಿನ ಚೀಟಿ

ಬಸ್ಸಿನ ಕಿಟಕಿಗೆ ಮಂಜು ಹಿಡಿದು, ಹೊರಗಿನ ಬೀದಿ ನಿದ್ದೆಯಲ್ಲಿ ತೇಲುವಂತಿತ್ತು. ಮುಂದಿನ ಸೀಟಿನಲ್ಲಿ ಔಷಧಿ ಗೋದಾಮಿನ ಸಮವಸ್ತ್ರ ತೊಟ್ಟವನೊಬ್ಬ, ಪಕ್ಕದಲ್ಲಿ ಅವನ ಅಕ್ಕ.

“ಅವಧಿ ಮುಗಿದ ಸಿರಪ್ಪಿಗೆ ಹೊಸ ತಾರೀಖು ಅಂಟಿಸ್ಬೇಕಂತೆ ಅಕ್ಕಾ. ಚೀಟಿ ಸುರುಳಿ ಕೈಗೇ ಕೊಟ್ಟಿದ್ದಾರೆ.”

“ಯೇಸುವೇ ರಾಜ ಅಂತ ಭಾನುವಾರ ಗಂಟಲು ಹರಿಯೋ ಹಾಗೆ ಹಾಡ್ತೀಯಲ್ಲೋ.”

“ಅದು ಆತ ಭೂಮಿಗೆ ಮತ್ತೆ ಬಂದಾಗಿನ ಮಾತು.”

“ಬರೋವಾಗ ಬರ್ಲಿ. ಈಗೇನು ಸಿಂಹಾಸನ ಖಾಲಿ ಇದ್ಯಾ?”

ಅವನು ಕಿಟಕಿಯ ಮಂಜನ್ನು ಬೆರಳಿಂದ ಒರೆಸುತ್ತಾ ಕುಳಿತ.

“ಗೋದಾಮಲ್ಲೂ ಆತನದೇ ಆಳ್ವಿಕೆನಾ ಅಕ್ಕಾ?”

“ಅದೊಂದು ಬಾಗಿಲು ಮಾತ್ರ ಬಿಟ್ಟು ಆಳ್ತಾನಾ ಆತ?”

“ಕೆಲಸ ಹೋದ್ರೆ?”

“ನಮ್ಮನೇಲಿ ಒಂದು ತಟ್ಟೆ ಹೆಚ್ಚಿಗೆ ಇಡ್ತೀನಿ.”

ಬಸ್ಸು ನಿಂತಿತು. ಅವನು ಜೇಬಿನಿಂದ ಸುರುಳಿ ತೆಗೆದು ಅಕ್ಕನ ಚೀಲದೊಳಗೆ ಹಾಕಿದ. ಇಬ್ಬರೂ ಇಳಿದರು. ಅವನು ಬರಿಗೈಯಲ್ಲಿ ಗೋದಾಮಿನ ಕಡೆಗೇ ನಡೆದ.